ಏಳು ತಂತಿಯ ಪಿಟೀಲು

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿಯ ದಡದ ಮೇಲೆ, ರುದ್ರಪಟ್ಟಣವೆಂಬ ಗ್ರಾಮವಿದೆ. ವೇದಾಧ್ಯಯನದ ಜೊತೆಗೆ ಸಂಗೀತವನ್ನೂ ಮನೆವಿದ್ಯೆಯಾಗಿ ಉಳಿಸಿಕೊಂಡು ಬಂದ ಸಂಕೇತಿ ಕುಟುಂಬಗಳ ಊರು ಅದು. ಅಲ್ಲಿ ಹುಟ್ಟಿದ ಗಾಯಕ ಆರ್. ಕೆ. ಶ್ರೀಕಂಠನ್ (1920–2014) ಅವರನ್ನು ಬಲ್ಲವರು ಬಹಳ. ನಾನು ಇಲ್ಲಿ ನೆನೆಯಬಯಸುವುದು ಅದೇ ಊರಿನ ಪಿಟೀಲು ವಿದ್ವಾಂಸರಾದ ಆರ್. ಆರ್. ಕೇಶವಮೂರ್ತಿಗಳನ್ನು.

ಅವರು ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಟಿ. ಚೌಡಯ್ಯನವರೂ (1895–1967) ಅದೇ ಗುರುವಿನ ಬಳಿ ಕಲಿತವರು. ಆಗ ಧ್ವನಿವರ್ಧಕದ ಅನುಕೂಲವಿರಲಿಲ್ಲ. ತುಂಬಿದ ಸಭೆಯ ಕೊನೆಯ ಸಾಲಿಗೆ ನಾಲ್ಕು ತಂತಿಯ ನಾದ ಸಾಲದೆಂದು ಚೌಡಯ್ಯನವರು ಇನ್ನೂ ಮೂರು ತಂತಿಗಳನ್ನು ಕಟ್ಟಿದರು. ನಾದವೇನೋ ತುಂಬಿಕೊಂಡಿತು, ವಾದಕನ ಕಷ್ಟವೂ ಬೆಳೆಯಿತು. ಜೋಡಿ ತಂತಿಗಳನ್ನು ಒಂದೇ ಬೆರಳು ಸಮನಾಗಿ ಅದುಮಬೇಕು, ಗಮಕದ ಜಾರಿನಲ್ಲಿ ಎರಡೂ ಒಟ್ಟಿಗೆ ಸಾಗಬೇಕು. ಶ್ರುತಿ ಎಳ್ಳಷ್ಟು ಸಡಿಲಿದರೂ ಸ್ವರ ಒಡೆದು ಕೇಳುತ್ತದೆ. ಇಂಥ ಹಟಮಾರಿ ವಾದ್ಯವನ್ನು ಒಲಿಸಿಕೊಂಡ ಕೆಲವೇ ಮಂದಿಯಲ್ಲಿ ಕೇಶವಮೂರ್ತಿಗಳು ಒಬ್ಬರು.

ಧ್ವನಿವರ್ಧಕ ಬಂದ ಮೇಲೆ ಈ ವಾದ್ಯದ ಅಗತ್ಯ ತೀರಿತೆಂದು ಹೇಳುವವರುಂಟು. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಯಂತ್ರವು ನಾದವನ್ನು ದೊಡ್ಡದು ಮಾಡೀತು. ಜೋಡಿ ತಂತಿಗಳ ಒಡನುಡಿಯಿಂದ ಬರುವ ತುಂಬುತನವನ್ನು ಕೊಡಲಾರದು. ಆದರೂ ಕಛೇರಿಗಳಲ್ಲಿ ನಾಲ್ಕು ತಂತಿಯೇ ರೂಢಿಯಾಗಿ ನಿಂತಿತು. ಆನೂರು ರಾಮಕೃಷ್ಣರಂಥ ಶಿಷ್ಯರನ್ನು ಬೆಳೆಸಿದ ಕೇಶವಮೂರ್ತಿಗಳು 2006ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಚೌಡಯ್ಯನವರ ಹೆಸರಿನ ಸ್ಮಾರಕ ಭವನವು ಪಿಟೀಲಿನ ಆಕಾರದಲ್ಲಿಯೇ ನಿಂತಿದೆ. ಏಳು ತಂತಿಯ ವಾದನವನ್ನು ಕೇಳುವ ಅವಕಾಶ ಮಾತ್ರ ಅಪರೂಪವಾಗಿದೆ.