ಗೊರಕೆ, ಗಾಳಿ ಮತ್ತು ಒಂದು ವ್ಯಾಕ್ಯೂಮ್ ಕ್ಲೀನರ್

ಬರೆಯದೆ ತುಂಬಾ ದಿನ ಆಯ್ತು. "ಎಲ್ಲಿ ಮಾಯವಾದೆ ಮಾರಾಯ" ಅಂತ ಕೇಳಿದವರಿಗೆಲ್ಲ ಒಂದೇ ಉತ್ತರ: ನಿದ್ದೆ ಮಾಡುತ್ತಿದ್ದೆ. ತಮಾಷೆ ಅಲ್ಲ, ನಿಜವಾಗಿಯೂ! ಮೂರು ತಿಂಗಳಿಂದ ನಾನು ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಅದಕ್ಕೊಂದು ಪೈಪು ಸಿಕ್ಕಿಸಿಕೊಂಡು, ದಿಂಬಿನ ಪಕ್ಕ ಗಾಳಿ ಊದುವ ಪುಟ್ಟ ಮೆಶಿನ್ ಇಟ್ಟುಕೊಂಡು ಮಲಗುತ್ತಿದ್ದೇನೆ. ಮೆಶಿನ್ನಿನ ಹೆಸರು ಸಿಪ್ಯಾಪ್. ಕಾಯಿಲೆಯ ಹೆಸರು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಹೋಗುವುದು.

ಮೆಶಿನ್ ಮನೆಗೆ ಬಂದ ಮೇಲೆ ಇಂಜಿನಿಯರ್ ತಲೆ ಸುಮ್ಮನಿರಬೇಕಲ್ಲ! ಇದನ್ನು ಮೊದಲು ಮಾಡಿದ್ದು ಯಾರು, ಯಾರ ಮುಖಕ್ಕೆ ಕಟ್ಟಿದರು, ಅವರು ಹೇಗೆ ಒಪ್ಪಿದರು ಅಂತ ಹುಡುಕುತ್ತಾ ಹೋದೆ. ಸಿಕ್ಕಿದ ಕಥೆ ಎಷ್ಟು ಚೆನ್ನಾಗಿತ್ತೆಂದರೆ ನಿಮಗೆ ಹೇಳದೆ ಇರಲಾಗಲಿಲ್ಲ. ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರಿನವನು. ಹಾಗಾಗಿ ಇದನ್ನು ವೈದ್ಯಕೀಯ ಸಲಹೆ ಅಂತ ತೆಗೆದುಕೊಳ್ಳದೆ ಒಂದು ಚರಿತ್ರೆ ಅಂತ ಓದಿಕೊಳ್ಳಿ.

ಗೊರಕೆ ಅಂದರೆ ನಮಗೆಲ್ಲ ನಗು. ಆಟದಲ್ಲಿ ಕುಂಭಕರ್ಣ ಬಂದರೆ ಮಕ್ಕಳೆಲ್ಲ ಎದ್ದು ಕೂರುತ್ತಾರೆ. ಮದುವೆ ಮನೆಯಲ್ಲಿ ಗೊರಕೆ ಹೊಡೆಯುವ ಮಾವನ ಪಕ್ಕ ಯಾರು ಮಲಗುವುದು ಅಂತ ಜಗಳ. "ಒಳ್ಳೆ ನಿದ್ದೆ ಪುಣ್ಯಾತ್ಮನಿಗೆ" ಅನ್ನುತ್ತೇವೆ. ಆದರೆ ಆ ನಿದ್ದೆ ಒಳ್ಳೆಯದೇ ಆಗಿರಬೇಕೆಂದಿಲ್ಲ.

ಬೊಂಡ ಕುಡಿಯುವಾಗ ಕಾಗದದ ಸ್ಟ್ರಾ ಕೊಡುತ್ತಾರಲ್ಲ, ಅದು ನೆನೆದು ಮೆತ್ತಗಾದ ಮೇಲೆ ಜೋರಾಗಿ ಎಳೆದು ನೋಡಿ. ಎರಡೂ ಬದಿ ಅಂಟಿಕೊಂಡು ಚಪ್ಪಟೆಯಾಗುತ್ತದೆ. ಇನ್ನೂ ಜೋರಾಗಿ ಎಳೆದಷ್ಟೂ ಇನ್ನೂ ಅಂಟಿಕೊಳ್ಳುತ್ತದೆ. ನಮ್ಮ ಗಂಟಲೂ ಇಂಥದ್ದೇ ಒಂದು ಮೆತ್ತನೆ ಕೊಳವೆ. ನುಂಗಬೇಕು, ಮಾತಾಡಬೇಕು ಅಂದರೆ ಅದು ಮೆತ್ತಗೇ ಇರಬೇಕು. ಎಚ್ಚರವಿದ್ದಾಗ ಸುತ್ತಲಿನ ಸ್ನಾಯುಗಳು ಅದನ್ನು ತೆರೆದಿಟ್ಟಿರುತ್ತವೆ. ನಿದ್ದೆಯಲ್ಲಿ ಅವು ಸಡಿಲಾಗುತ್ತವೆ. ದಾರಿ ಅರ್ಧ ಮುಚ್ಚಿದರೆ ಗೊರಕೆ, ಪೂರ್ತಿ ಮುಚ್ಚಿದರೆ ಮೌನ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಒಂದು ಕ್ಷಣ ಎಬ್ಬಿಸುತ್ತದೆ, ಗಂಟಲು ತೆರೆಯುತ್ತದೆ, ಮತ್ತೆ ಗೊರಕೆ. ಸರ್ವರ್ ಹ್ಯಾಂಗ್ ಆದಾಗಲೆಲ್ಲ ತಾನಾಗಿ ರೀಸ್ಟಾರ್ಟ್ ಮಾಡುವ ಪ್ರೋಗ್ರಾಂ ಇರುತ್ತದಲ್ಲ, ಹಾಗೆ. ಬೆಳಿಗ್ಗೆ ನಮಗೆ ಒಂದೂ ನೆನಪಿರುವುದಿಲ್ಲ. ಸುಸ್ತು ಮಾತ್ರ ಇರುತ್ತದೆ.

ಅದಕ್ಕೇ ಈ ಕಾಯಿಲೆ ಮೊದಲು ಗೊತ್ತಾಗುವುದು ಹೆಚ್ಚಾಗಿ ಪಕ್ಕದಲ್ಲಿ ಮಲಗಿದವರಿಗೆ. ನನ್ನದನ್ನು ಹಿಡಿದದ್ದು ಅಮ್ಮ. ರಜೆಗೆ ಊರಿಗೆ ಬಂದಿದ್ದಾಗ ಒಂದು ಬೆಳಿಗ್ಗೆ ಹೇಳಿದರು: "ನಿನ್ನ ಗೊರಕೆ ಇರಲಿ ಮಗಾ, ಅದು ಮಧ್ಯೆ ನಿಲ್ತದಲ್ಲ, ಆಗ ನನಗೆ ಕೈಕಾಲು ತಣ್ಣಗಾಗ್ತದೆ."

ಹಂಪನಕಟ್ಟೆಯ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ ಪರೀಕ್ಷೆ ಮಾಡಿದರು. ತಲೆಗೆ, ಎದೆಗೆ, ಕಾಲಿಗೆ ವೈರು, ಬೆರಳಿಗೊಂದು ಕ್ಲಿಪ್ಪು. ಕೆಳಗೆ "ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್" ಅಂತ ಕೂಗುವ ಕಂಡಕ್ಟರುಗಳೆಲ್ಲ ಮನೆಗೆ ಹೋದ ಮೇಲೆ ನನಗೂ ನಿದ್ದೆ ಬಂತು. ರಿಪೋರ್ಟಿನಲ್ಲಿದ್ದದ್ದು ಗಂಟೆಗೆ 34. ಅಂದರೆ ಗಂಟೆಗೆ 34 ಸಲ ನನ್ನ ಉಸಿರು ನಿಂತಿತ್ತು ಇಲ್ಲವೇ ತೀರಾ ಕಡಿಮೆಯಾಗಿತ್ತು. 5ರ ಒಳಗಿದ್ದರೆ ಸರಿ, 30 ದಾಟಿದರೆ ತೀವ್ರ. ಏಳು ಗಂಟೆ ಮಲಗಿದರೆ 238 ಸಲ! ನಾನು ದಪ್ಪವೇನಲ್ಲ. ಆದರೆ ದವಡೆ ಚಿಕ್ಕದು, ಒಳಗೆ ಜಾಗ ಕಡಿಮೆ. ತೂಕ ದೊಡ್ಡ ಕಾರಣ ಹೌದು, ಅದೊಂದೇ ಕಾರಣ ಅಲ್ಲ ಅಂತ ಡಾಕ್ಟರು ವಿವರಿಸಿದರು.

ಈಗ ಚರಿತ್ರೆಗೆ ಬರೋಣ.

ಈ ಕಾಯಿಲೆಯ ಪ್ರಸಿದ್ಧ ಚಿತ್ರವೊಂದನ್ನು ಕೊಟ್ಟದ್ದು ಡಾಕ್ಟರ್ ಅಲ್ಲ, ಕಾದಂಬರಿಕಾರ. ಚಾರ್ಲ್ಸ್ ಡಿಕನ್ಸ್ 1836-37ರಲ್ಲಿ ಬರೆದ 'ಪಿಕ್‌ವಿಕ್ ಪೇಪರ್ಸ್'ನಲ್ಲಿ ಜೋ ಅಂತ ಒಬ್ಬ ದಪ್ಪ ಹುಡುಗ ಬರುತ್ತಾನೆ. ನಿಂತಲ್ಲೇ, ಕೂತಲ್ಲೇ ನಿದ್ದೆ ಹೋಗಿ ಗೊರಕೆ ಹೊಡೆಯುತ್ತಾನೆ. ಓದಿದವರೆಲ್ಲ ನಕ್ಕರು. 1956ರಲ್ಲಿ ಅಮೆರಿಕದ ಬರ್ವೆಲ್ ಮತ್ತು ಸಂಗಡಿಗರು ಬರೆದ ವೈದ್ಯಕೀಯ ಲೇಖನದಿಂದ 'ಪಿಕ್‌ವಿಕ್ಕಿಯನ್ ಸಿಂಡ್ರೋಮ್' ಅನ್ನುವ ಹೆಸರು ಪ್ರಸಿದ್ಧವಾಯಿತು. ಅವರ ರೋಗಿ 51 ವರ್ಷದ ಒಬ್ಬ ವ್ಯವಹಾರಸ್ಥ, ತೂಕ ಸುಮಾರು 120 ಕಿಲೋ. ವಾರದ ಇಸ್ಪೀಟಿನಾಟದಲ್ಲಿ ಕೈಗೆ ಮೂರು ಎಕ್ಕ, ಎರಡು ರಾಜ ಬಂದಿದ್ದವು. ಅಂಥ ಎಲೆ ಕೈಯಲ್ಲಿಟ್ಟುಕೊಂಡೇ ಮನುಷ್ಯ ನಿದ್ದೆಹೋದ! ಕೆಲವು ದಿನ ಕಳೆದು ಆಸ್ಪತ್ರೆ ಸೇರಿದ.

ಅದೇ 1956ರ ನವೆಂಬರ್ 1ಕ್ಕೆ ನಮ್ಮ ಮಂಗಳೂರು ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಹಂಪನಕಟ್ಟೆಯಲ್ಲಿ ವೆನ್‌ಲಾಕ್ ಆಸ್ಪತ್ರೆ ಇತ್ತು, 1848ರಿಂದಲೂ ಇರುವ ಆಸ್ಪತ್ರೆ. 1953ರಲ್ಲಿ ಟಿ.ಎಂ.ಎ. ಪೈಗಳು ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುಮಾಡಿದ್ದರಿಂದ ಅಲ್ಲಿ ವಿದ್ಯಾರ್ಥಿಗಳು ರೋಗಿಗಳನ್ನು ನೋಡಿ ಕಲಿಯುವ ಕಾಲವೂ ಬಂದಿತ್ತು. ನನ್ನಂಥವನೊಬ್ಬ ಆಗ ವೆನ್‌ಲಾಕಿಗೆ ಹೋಗಿದ್ದರೆ ಏನಾಗುತ್ತಿತ್ತು? ಬೋಸ್ಟನ್ನಿನಲ್ಲಿ ಏನಾಗುತ್ತಿತ್ತೋ ಅದೇ. ಕೂರಿಸಿ ಎದೆಗೆ ಸ್ಟೆತಸ್ಕೋಪ್ ಇಡುತ್ತಿದ್ದರು, ನಾಲಿಗೆ ನೋಡುತ್ತಿದ್ದರು, ಎಲ್ಲ ಸರಿ ಇದೆ ಅಂತ ಕಳಿಸುತ್ತಿದ್ದರು. ಯಾಕೆಂದರೆ ಇದು ಹಗಲು ಇಲ್ಲದ ಕಾಯಿಲೆ. ಬರ್ವೆಲ್ ಕೂಡ ದೋಷ ಹುಡುಕಿದ್ದು ಬೊಜ್ಜಿನಲ್ಲಿ ಮತ್ತು ಹಗಲಿನ ಉಸಿರಾಟದಲ್ಲಿ. ರಾತ್ರಿ ಪಕ್ಕದಲ್ಲಿ ಕೂತು ನೋಡುವ ಕೆಲಸ ಬಾಕಿಯೇ ಉಳಿಯಿತು.

ಆ ಕೆಲಸ ಆದದ್ದು 1965ರಲ್ಲಿ. ಫ್ರಾನ್ಸಿನ ಮಾರ್ಸೇಯಲ್ಲಿ ಗಾಸ್ತೋ ಮತ್ತು ಸಂಗಡಿಗರು, ಜರ್ಮನಿಯಲ್ಲಿ ಯುಂಗ್ ಮತ್ತು ಕೂಲೋ, ಇಬ್ಬರೂ ಬೇರೆಬೇರೆಯಾಗಿ ಇಂಥ ರೋಗಿಗಳು ಮಲಗಿದ್ದಾಗ ಉಸಿರಾಟವನ್ನು ದಾಖಲಿಸಿದರು. ಉಸಿರು ಮತ್ತೆ ಮತ್ತೆ ನಿಲ್ಲುವುದು ಕಾಗದದ ಮೇಲೆ ಗೆರೆಯಾಗಿ ಕಂಡಿತು. ಎಷ್ಟೋ ಅಮ್ಮಂದಿರು, ಹೆಂಡತಿಯರು ಕತ್ತಲಲ್ಲಿ ಕಿವಿಗೊಟ್ಟು ಕೇಳಿದ್ದಕ್ಕೆ ಕೊನೆಗೂ ಸಾಕ್ಷಿ ಸಿಕ್ಕಿತು. 1976ರಲ್ಲಿ ಸ್ಟಾನ್‌ಫರ್ಡಿನ ಗಿಯೆಮಿನೋ, ಟಿಲ್ಕಿಯನ್, ಡಿಮೆಂಟ್ ಇದಕ್ಕೆ 'ಸ್ಲೀಪ್ ಆಪ್ನಿಯಾ ಸಿಂಡ್ರೋಮ್' ಅಂತ ಹೆಸರಿಟ್ಟು ವಿವರಿಸಿದರು.

ಕಾಯಿಲೆ ಗೊತ್ತಾಯಿತು, ಮದ್ದು? 1969ರಲ್ಲಿ ಜರ್ಮನಿಯ ಕೂಲೋ ಅವರ ತಂಡ ತೋರಿಸಿದ ದಾರಿ ಒಂದೇ: ಕುತ್ತಿಗೆಯಲ್ಲಿ ತೂತು ಮಾಡಿ ಕೊಳವೆ ಇಡುವುದು. ಮುಚ್ಚಿಕೊಳ್ಳುವ ಜಾಗವನ್ನೇ ಬಿಟ್ಟು ಕೆಳಗಿನಿಂದ ಉಸಿರಾಡುವುದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬಗ್ ಸರಿಮಾಡದೆ ಬೈಪಾಸ್ ಮಾಡುವುದು. ಅದು ಕೆಲಸ ಮಾಡುತ್ತಿತ್ತು. ಆದರೆ ಜೀವಮಾನವಿಡೀ ಕುತ್ತಿಗೆಯಲ್ಲೊಂದು ತೂತು ಇಟ್ಟುಕೊಂಡು ಬದುಕುವುದನ್ನು ಯೋಚಿಸಿ. ಹತ್ತು ವರ್ಷ ಇದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ.

ಜೂನ್ 1980. ಆಸ್ಟ್ರೇಲಿಯಾದ ಸಿಡ್ನಿ. ಕಟ್ಟಡ ಕೆಲಸದವನೊಬ್ಬ ಡಾಕ್ಟರ್ ಕಾಲಿನ್ ಸಲ್ಲಿವನ್ ಅವರ ಹತ್ತಿರ ಬಂದ. ಕಾಯಿಲೆ ತೀವ್ರವಾಗಿತ್ತು, ಕುತ್ತಿಗೆಗೆ ತೂತು ಮಾಡಬೇಕು ಅಂದರು. ಅವನು ಬೇಡ ಅಂದ. ಹಾಗಾದರೆ ಒಂದು ಪ್ರಯೋಗ ಇದೆ, ಒಂದೇ ರಾತ್ರಿ ಮಲಗುತ್ತೀಯಾ ಅಂತ ಕೇಳಿದಾಗ ಕೂಡಲೇ ಒಪ್ಪಿದ. ಸಲ್ಲಿವನ್ ಅದಕ್ಕೂ ಮೊದಲು ಕೆನಡಾದ ಟೊರಾಂಟೋದಲ್ಲಿ ನಾಯಿಗಳ ನಿದ್ದೆ, ಉಸಿರಾಟದ ಮೇಲೆ ಕೆಲಸ ಮಾಡಿದ್ದವರು. ನಾಯಿ ಮೂತಿಗೆ ಮಾಸ್ಕ್ ಹಾಕಿದ ಅನುಭವ ಇಲ್ಲಿ ಉಪಯೋಗಕ್ಕೆ ಬಂತು! ವ್ಯಾಕ್ಯೂಮ್ ಕ್ಲೀನರಿನ ಮೋಟಾರು, ಆದರೆ ಎಳೆಯುವ ಬದಲು ಊದುವ ಕಡೆಯಿಂದ, ಒಂದು ಪೈಪು, ಮೂಗಿಗೊಂದು ಮಾಸ್ಕ್.

ಒತ್ತಡ ಹೆಚ್ಚಿಸುತ್ತಾ ಹೋದರು. ಒಂದು ಹಂತದಲ್ಲಿ ಗೊರಕೆ ನಿಂತು ಉಸಿರು ಸರಾಗವಾಯಿತು. ಒತ್ತಡ ಇಳಿಸಿದರೆ ಮತ್ತೆ ಗಂಟಲು ಮುಚ್ಚಿತು. ಏರಿಸಿದರೆ ತೆರೆಯಿತು. ಸ್ವಿಚ್ ಹಾಕಿ ಆರಿಸಿದ ಹಾಗೆ. ಆಮೇಲೆ ಹಾಗೇ ಬಿಟ್ಟರು, ಅವನು ಬೆಳಗಿನವರೆಗೆ ಗಾಢವಾಗಿ ಮಲಗಿದ. ಇಂಥ ಐದು ರೋಗಿಗಳ ವಿವರ 1981ರ ಏಪ್ರಿಲಿನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಬೇಕಾದ ಒತ್ತಡ ಎಷ್ಟು ಗೊತ್ತಾ? 4.5ರಿಂದ 10 ಸೆಂಟಿಮೀಟರ್ ನೀರಿನಷ್ಟು. ಒಂದು ಲೋಟದ ನೀರು ತಳದ ಮೇಲೆ ಹಾಕುವಷ್ಟು ಒತ್ತಡ! ನಮ್ಮ ಬೈಕಿನ ಟೈರಿನ ಗಾಳಿಗೆ ಹೋಲಿಸಿದರೆ ಸುಮಾರು ಇನ್ನೂರರಲ್ಲಿ ಒಂದು ಪಾಲು. ಅಷ್ಟು ಗಾಳಿ ಒಳಗಿನಿಂದ ತಳ್ಳಿ ಹಿಡಿದರೆ ಸ್ಟ್ರಾ ಚಪ್ಪಟೆಯಾಗುವುದಿಲ್ಲ, ಅಷ್ಟೇ.

ಐಡಿಯಾ ಪೂರ್ತಿ ಹೊಸದೂ ಅಲ್ಲ. ಲಂಡನ್ನಿನಲ್ಲಿ ಡಾಕ್ಟರ್ ಪೌಲ್ಟನ್ 1936ರಲ್ಲೇ ವ್ಯಾಕ್ಯೂಮ್ ಕ್ಲೀನರಿನ ಗಾಳಿಯನ್ನು ಮಾಸ್ಕಿಗೆ ಕೊಟ್ಟು, ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದವರಿಗೆ ಚಿಕಿತ್ಸೆ ಮಾಡಿದ್ದರು. 1971ರಲ್ಲಿ ಅಮೆರಿಕದ ಜಾರ್ಜ್ ಗ್ರೆಗರಿ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಶ್ವಾಸಕೋಶ ತೆರೆದಿಡಲು ಇದೇ ತತ್ವ ಬಳಸಿದ್ದರು. ಸಲ್ಲಿವನ್ ಅದನ್ನು ನಿದ್ದೆಗೆ ತಂದರು.

ಇಲ್ಲಿಗೆ ಕಥೆ ಸುಖಾಂತ ಅಂದುಕೊಂಡರೆ... ಇಲ್ಲ. ನನಗೆ ಈ ಚರಿತ್ರೆಯಲ್ಲಿ ಕಂಡದ್ದು ಇದು: ಗಾಳಿಯ ಸಮಸ್ಯೆ ಒಂದೇ ರಾತ್ರಿಯಲ್ಲಿ ಬಗೆಹರಿಯಿತು, ಮಾಸ್ಕಿನ ಸಮಸ್ಯೆ 40 ವರ್ಷ ಕಳೆದರೂ ಮುಗಿದಿಲ್ಲ. ಯಾಕೆಂದರೆ ಇದು ಕಾಯಿಲೆ ವಾಸಿ ಮಾಡುವುದಿಲ್ಲ. ಕನ್ನಡಕದ ಹಾಗೆ, ಹಾಕಿಕೊಂಡಷ್ಟು ಹೊತ್ತು ಮಾತ್ರ. ಮೊದಮೊದಲ ರೋಗಿಗಳಿಗೆ ಅವರವರ ಮೂಗಿನ ಅಚ್ಚು ತೆಗೆದು ಮಾಸ್ಕ್ ಮಾಡಿ, ಗಾಳಿ ಸೋರದಂತೆ ಪ್ರತಿ ರಾತ್ರಿ ಸಿಲಿಕೋನ್ ಅಂಟಿನಿಂದ ಮುಖಕ್ಕೆ ಅಂಟಿಸುತ್ತಿದ್ದರು! ಬೆಳಿಗ್ಗೆ ಕಿತ್ತು ತೆಗೆಯಬೇಕು. ಅಂಗಡಿಯಲ್ಲಿ ಸಿಗುವ ಮೆಶಿನ್ ಬಂದದ್ದು 1985ರಲ್ಲಿ, ಅಮೆರಿಕದ ರೆಸ್ಪಿರಾನಿಕ್ಸ್ ಕಂಪನಿಯಿಂದ. 1989ರಲ್ಲಿ ಸಲ್ಲಿವನ್ ಅವರ ಕೆಲಸವನ್ನೇ ಮುಂದುವರಿಸಲು ಪೀಟರ್ ಫ್ಯಾರೆಲ್ ಶುರುಮಾಡಿದ ಕಂಪನಿ ಮುಂದೆ ರೆಸ್‌ಮೆಡ್ ಆಯಿತು. ಆಮೇಲೆ ಪಟ್ಟಿ ಮೆತ್ತಗಾಯಿತು, ಗಾಳಿಗೆ ಹದವಾದ ತೇವ ಬಂತು, ಉಸಿರಿಗೆ ತಕ್ಕಂತೆ ತಾನೇ ಒತ್ತಡ ಹೊಂದಿಸಿಕೊಳ್ಳುವ ಮೆಶಿನ್ ಬಂತು. ಸದ್ದು ಕಡಿಮೆ ಮಾಡಲು ಒಳಗೆ ಸ್ಪಂಜು ಹಾಕಿದರು. ಆ ಸ್ಪಂಜೇ ಪುಡಿಯಾಗಿ ಉಸಿರಿಗೆ ಸೇರಬಹುದು ಅಂತ 2021ರ ಜೂನಿನಲ್ಲಿ ಫಿಲಿಪ್ಸ್ ಕಂಪನಿ ಲಕ್ಷಗಟ್ಟಲೆ ಮೆಶಿನ್ ವಾಪಸ್ ಕರೆಸಿಕೊಳ್ಳಬೇಕಾಯಿತು.

ಹಾಕಿಕೊಳ್ಳುವುದು ಎಷ್ಟು ಕಷ್ಟ ಅನ್ನುವುದಕ್ಕೆ ಒಂದು ಅಂಕಿ. 2016ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಭಾರತವೂ ಸೇರಿ ಏಳು ದೇಶಗಳ 2,700ಕ್ಕೂ ಹೆಚ್ಚು ಜನ ಇದ್ದರು. ಎಲ್ಲರಿಗೂ ಮೊದಲೇ ಹೃದಯದ ಅಥವಾ ಮೆದುಳಿನ ರಕ್ತನಾಳದ ತೊಂದರೆ ಇತ್ತು. ಮೆಶಿನ್ ಕೊಟ್ಟವರಲ್ಲಿ ತೂಕಡಿಕೆ ಕಡಿಮೆಯಾಯಿತು, ದಿನ ಚೆನ್ನಾಗಾಯಿತು. ಆದರೆ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಅವರು ಸರಾಸರಿ ಹಾಕಿಕೊಂಡದ್ದು ರಾತ್ರಿಗೆ 3.3 ಗಂಟೆ ಮಾತ್ರ. ಹೆಚ್ಚು ಹೊತ್ತು ಹಾಕಿದ್ದರೆ ಬೇರೆ ಆಗುತ್ತಿತ್ತೇ ಅನ್ನುವ ಚರ್ಚೆ ಮುಗಿದಿಲ್ಲ.

ನನಗೆ ಆ 3.3 ಗಂಟೆ ಚೆನ್ನಾಗಿ ಅರ್ಥವಾಗುತ್ತದೆ. ಮೊದಲ ವಾರ ನಿದ್ದೆಯಲ್ಲೇ ಮಾಸ್ಕ್ ಕಿತ್ತು ಎಸೆದಿರುತ್ತಿದ್ದೆ. ಗಾಳಿ ಹೊಟ್ಟೆಗೆ ಹೋಗಿ ಬೆಳಿಗ್ಗೆ ಉಬ್ಬರ. ಮಾಸ್ಕಿನ ಅಂಚಿನಿಂದ ಸೋರಿದ ಗಾಳಿ ಕಣ್ಣಿಗೆ. ನಮ್ಮ ಮಂಗಳೂರಿನ ಸೆಕೆಗೆ ಮಾಸ್ಕಿನ ಕೆಳಗೆ ಬೆವರು, ಕೆನ್ನೆಯ ಮೇಲೆ ಪಟ್ಟಿಯ ಗುರುತು. ಮಳೆಗಾಲದ ಕರೆಂಟು ಹೋದರೆ ಎಚ್ಚರ. ಮೊದಲ ಸಲ ನೋಡಿದ ಅಮ್ಮ, "ಇದೆಂತದ್ದು ಮಾರಾಯ, ಆನೆ ಸೊಂಡಿಲಿನ ಹಾಗೆ!" ಅಂದರು :)

ಡಾಕ್ಟರು ಹೇಳಿಕೊಟ್ಟ ಉಪಾಯ ಕೆಲಸಕ್ಕೆ ಬಂತು. ಸಂಜೆ ಎಚ್ಚರವಿದ್ದಾಗಲೇ ಹಾಕಿಕೊಂಡು ಕ್ರಿಕೆಟ್ ನೋಡುವುದು. ಮೊದಲು ಅರ್ಧ ಗಂಟೆ, ಆಮೇಲೆ ಒಂದು ಗಂಟೆ. ಮಲಗುವಾಗ ಒತ್ತಡ ನಿಧಾನ ಏರುವಂತೆ ಇಡುವುದು. ದೊಡ್ಡ ಮಾಸ್ಕ್ ಬದಲು ಮೂಗಿನ ಹೊಳ್ಳೆಗೆ ಕೂರುವ ಚಿಕ್ಕದು. ಇನ್ವರ್ಟರಿಗೆ ಜೋಡಿಸಿದ ಪ್ಲಗ್ಗು. ಐದನೇ ವಾರದಲ್ಲಿ ಒಂದು ದಿನ ಮಧ್ಯಾಹ್ನ ಊಟವಾದ ಮೇಲೂ ಕೋಡ್ ಓದಿದ್ದು ತಲೆಗೆ ಹೋಗುತ್ತಿತ್ತು. ಈಗ ಮೆಶಿನ್ ತೋರಿಸುವ ಲೆಕ್ಕ ಗಂಟೆಗೆ 3. ಅಮ್ಮ ಈಗ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಕಿವಿಗೊಡುವುದಿಲ್ಲ.

ಇದು ವಿರಳ ಕಾಯಿಲೆ ಅಲ್ಲ. 2004ರಲ್ಲಿ ಡಾಕ್ಟರ್ ಜರೀರ್ ಉದ್ವಾಡಿಯಾ ಮತ್ತು ಸಂಗಡಿಗರು ಮುಂಬೈಯಲ್ಲಿ 35ರಿಂದ 65 ವರ್ಷದ ಗಂಡಸರನ್ನು ಪರೀಕ್ಷಿಸಿದಾಗ, ಹಗಲಿನ ತೂಕಡಿಕೆಯೂ ಸೇರಿದ ಆಪ್ನಿಯಾ 7.5 ಶೇಕಡಾ ಅಂತ ಅಂದಾಜಾಯಿತು. 'ಆಫ್ರಿಕಾದಲ್ಲಿ ಶೀಲಾ'ಗೆ ಸಂಗೀತ ಕೊಟ್ಟ ಬಪ್ಪಿ ಲಾಹಿರಿ 2022ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಡಾಕ್ಟರು ಹೇಳಿದ ಕಾರಣವೂ ಇದೇ. 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಟಿರ್ಜೆಪಟೈಡ್ ಅನ್ನುವ ತೂಕ ಇಳಿಸುವ ಇಂಜೆಕ್ಷನ್ನಿಗೆ ಬೊಜ್ಜಿರುವ ಆಪ್ನಿಯಾ ರೋಗಿಗಳಿಗಾಗಿ ಒಪ್ಪಿಗೆ ಸಿಕ್ಕಿತು. ಕೆಲವರಿಗೆ ಮುಂದೆ ಮಾಸ್ಕೇ ಬೇಡವಾಗಬಹುದು. ನನ್ನಂಥ ಚಿಕ್ಕ ದವಡೆಯವರಿಗೆ ಸದ್ಯ ಸೊಂಡಿಲೇ ಗತಿ.

ನಮ್ಮ ಅಜ್ಜ ನಿದ್ದೆಯಲ್ಲೇ ಹೋದರು. ಇಡೀ ಊರು "ಪುಣ್ಯದ ಸಾವು" ಅಂತು. ಅವರ ಗೊರಕೆ ಅಂಗಳದವರೆಗೆ ಕೇಳುತ್ತಿತ್ತಂತೆ. ಕಾರಣ ಏನೆಂದು ಈಗ ಹೇಳುವ ಹಾಗಿಲ್ಲ, ಹೇಳುವುದೂ ಇಲ್ಲ. ಆದರೆ ಅಪ್ಪನ ಗೊರಕೆಯೂ ಹಾಗೇ ಇದೆ, ಮಧ್ಯೆ ಮಧ್ಯೆ ನಿಲ್ಲುವುದೂ ಇದೆ. ಅಪ್ಪ ದಿನಾ ಪುತ್ತೂರಿಗೆ ಕಾರು ಓಡಿಸಿಕೊಂಡು ಹೋಗಿ ಬರುತ್ತಾರೆ. ತೂಕಡಿಕೆ ತಡೆಯದೆ ಬಿ.ಸಿ. ರೋಡಿನ ಹತ್ತಿರ ನಿಲ್ಲಿಸಿ ಮುಖ ತೊಳೆದುಕೊಳ್ಳುವುದು ಈಗ ಅಭ್ಯಾಸವಾಗಿಬಿಟ್ಟಿದೆ. ಪರೀಕ್ಷೆ ಅಂದರೆ "ನನಗೆಂತದ್ದೂ ಆಗಲಿಲ್ಲ, ನೀನು ಸುಮ್ಮನಿರು" ಅನ್ನುತ್ತಾರೆ.

ಅವರಿಗೆ ಅಂಕಿ ಅಂಶ ಎಲ್ಲ ಹೇಳಿ ಆಯ್ತು, ಕೇಳಲಿಲ್ಲ. ಈಗ ಸಿಡ್ನಿಯ ಆ ಕಟ್ಟಡ ಕೆಲಸದವನ ಕಥೆ ಹೇಳಿದ್ದೇನೆ. ಅವನು ಜೀವಮಾನಕ್ಕೆ ಅಂತ ಒಪ್ಪಿದ್ದಲ್ಲ, ಒಂದು ರಾತ್ರಿಗೆ ಒಪ್ಪಿದ್ದು. ಅಪ್ಪನ ಹತ್ತಿರವೂ ನಾನು ಕೇಳುತ್ತಿರುವುದು ಹಂಪನಕಟ್ಟೆಯಲ್ಲಿ ಒಂದೇ ಒಂದು ರಾತ್ರಿ. ನಿನ್ನೆ ಮೊದಲ ಸಲ "ಇಲ್ಲ" ಅನ್ನಲಿಲ್ಲ, "ನೋಡುವ" ಅಂದಿದ್ದಾರೆ.

ನಿಮ್ಮ ಮನೆಯಲ್ಲೂ ಹೀಗೆ ಗೊರಕೆ ಹೊಡೆದು ನಡುವೆ ಸುಮ್ಮನಾಗುವವರು ಇದ್ದರೆ, ಒಂದು ರಾತ್ರಿ ಎದ್ದು ಕೂತು ಕೇಳಿ. ಅಪ್ಪಂದಿರನ್ನು ಒಪ್ಪಿಸುವ ಉಪಾಯ ಗೊತ್ತಿದ್ದವರು ನನಗೂ ತಿಳಿಸಿ ಮಾರಾಯ್ರೆ!