ಗಾಜಿನ ಸುಂಕ, ಟೊಮ್ಯಾಟೊ ಬೀಜ

ಬ್ರಿಟನ್ನಿನ ತಂಪು ಬೇಸಿಗೆಯಲ್ಲಿ ಟೊಮ್ಯಾಟೊ ನೆಚ್ಚಿಗೆಯಿಂದ ಹಣ್ಣಾಗಬೇಕಾದರೆ ಗಾಜಿನ ಮನೆ ಬೇಕಿತ್ತು. ಆದರೆ ಗಾಜಿಗೆ ತೂಕದ ಲೆಕ್ಕದಲ್ಲಿ ಸುಂಕವಿದ್ದುದರಿಂದ ಅದು ಸಿರಿವಂತರ ತೋಟಗಳ ಸೊತ್ತಾಗಿತ್ತು. 1845ರಲ್ಲಿ ಸುಂಕ ರದ್ದಾಯಿತು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ವಿನ್ಯಾಸಗೊಳಿಸಿದ್ದ ಜೋಸೆಫ್ ಪ್ಯಾಕ್ಸ್‌ಟನ್, 1858ರಲ್ಲಿ ಸಾಮಾನ್ಯರಿಗೆಂದೇ ಬಿಡಿಭಾಗ ಜೋಡಿಸಿ ನಿಲ್ಲಿಸುವ ಅಗ್ಗದ ಗಾಜಿನ ಮನೆಗೆ ಪೇಟೆಂಟ್ ಪಡೆದ.

ಹೀಗೆ ಗಾಜು ಹಿತ್ತಲಿಗೆ ಬಂತು. ಅದರೊಳಗೆ ನೆಲೆಯೂರಿದ ತಳಿಗಳಲ್ಲಿ ಒಂದು, ಸ್ಕಾಟ್ಲೆಂಡಿನ ಕರಾವಳಿಯಾಚೆಯ ಗ್ರಾನೈಟ್ ದ್ವೀಪದ ಹೆಸರು ಹೊತ್ತ ‘ಐಲ್ಸಾ ಕ್ರೇಗ್’. ಟೊಮ್ಯಾಟೊ ಹೂವು ಸಾಮಾನ್ಯವಾಗಿ ತನ್ನ ಪರಾಗದಿಂದಲೇ ಕಾಯಿಕಟ್ಟುತ್ತದೆ. ಹಾಗಾಗಿ ಇಂಥ ಹಳೆಯ ತಳಿಯ ಬೀಜ ತಾಯಿಗಿಡವನ್ನೇ ಹೋಲುತ್ತದೆ. ಹೈಬ್ರಿಡ್ ಹಣ್ಣಿನ ಬೀಜಕ್ಕೆ ಆ ಭರವಸೆಯಿಲ್ಲ. ಆದರೆ ಎತ್ತಿಟ್ಟ ಬೀಜವೂ ವರ್ಷಗಳು ಕಳೆದಂತೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಗಾಜಿನ ಮನೆಗಳನ್ನು ಮನೆಮನೆಗೆ ತಂದದ್ದು ಕಾನೂನು. ಈ ತಳಿಗಳನ್ನು ಉಳಿಸಿದ್ದು ಒಳ್ಳೆಯ ಹಣ್ಣೊಂದನ್ನು ತಿನ್ನದೆ ಬೀಜಕ್ಕೆ ಬಿಟ್ಟವರು.