ಕೌಂಟಿಯೋ ದೇಶವೋ: ಶ್ರೀನಾಥರ 2002ನೇ ಇಸವಿ

ಕೆಳದಿಯ ಅರಸರನ್ನೂ ತುಂಗೆಯ ದಂಡೆಯ ದೇಗುಲಗಳನ್ನೂ ಕುರಿತು ಬರೆದ ಮೇಲೆ ಈ ಸಲ ಆಟದ ಇತಿಹಾಸಕ್ಕೆ ಕೈಹಾಕಿದ್ದೇನೆ. ಇತಿಹಾಸದ ಮೇಷ್ಟ್ರಿಗೆ ಕ್ರಿಕೆಟ್ಟಿನ ಗೊಡವೆ ಏಕೆಂದು ಕೆಲವರಿಗೆ ಅನಿಸೀತು. ಆದರೆ ಒಬ್ಬ ಮನುಷ್ಯನ ಶ್ರಮದ ಮೇಲೆ ಯಾರಿಗೆ ಎಷ್ಟು ಹಕ್ಕು ಎಂಬ ಪ್ರಶ್ನೆ ಅರಮನೆ, ಹೊಲ, ಕಾರ್ಖಾನೆಗಳಲ್ಲಿ ಎದ್ದಂತೆ ಆಟದ ಮೈದಾನದಲ್ಲಿಯೂ ಎದ್ದಿದೆ. ಪೆಟ್ಟು ತಿಂದ, ವಯಸ್ಸು ಮಾಗಿದ ಆಟಗಾರನಿಗೆ ಒಂದು ಕಡೆ ಸಂಬಳ ಕೊಡುವ ಕ್ಲಬ್ಬು, ಇನ್ನೊಂದು ಕಡೆ ಕೈಬೀಸಿ ಕರೆಯುವ ದೇಶದ ತಂಡ. ಇವೆರಡರ ನಡುವೆ ಅವನು ಹೇಗೆ ಆಯ್ದುಕೊಳ್ಳಬೇಕು? ಇದಕ್ಕೆ ನಮ್ಮ ನಾಡಿನಲ್ಲೇ ದೊರೆಯುವ ನಿದರ್ಶನ ಮೈಸೂರಿನ ಜಾವಗಲ್ ಶ್ರೀನಾಥರದು.

ಮೊದಲಿಗೆ ಸ್ವಲ್ಪ ಹಿಂದಿನ ಕಥೆ. 1952ರಲ್ಲಿ ಭಾರತ ತಂಡ ಇಂಗ್ಲೆಂಡ್ ಪ್ರವಾಸಕ್ಕೆ ಹೊರಟಿತ್ತು. ವಿನೂ ಮಂಕಡ್ ಅವರಿಗೆ ಲ್ಯಾಂಕಷೈರ್ ಲೀಗಿನ ಹ್ಯಾಸ್ಲಿಂಗ್‌ಡನ್ ಕ್ಲಬ್ಬಿನಿಂದ ಕರೆ ಬಂದಿತ್ತು. ತಂಡದಲ್ಲಿ ಸ್ಥಾನ ಖಚಿತವೆಂದು ಭರವಸೆ ಕೊಟ್ಟರೆ ಕ್ಲಬ್ಬನ್ನು ಬಿಡುವೆನೆಂದು ಅವರು ಮಂಡಳಿಯನ್ನು ಕೇಳಿದರು. ಮಂಡಳಿ ಭರವಸೆ ಕೊಡಲಿಲ್ಲ, ಅವರು ಕ್ಲಬ್ಬಿಗೆ ಸಹಿ ಹಾಕಿದರು. ಲೀಡ್ಸ್‌ನ ಮೊದಲ ಟೆಸ್ಟಿನ ಎರಡನೆಯ ಸರದಿಯಲ್ಲಿ ಒಂದು ರನ್ನೂ ಬರುವ ಮೊದಲೇ ಭಾರತದ ನಾಲ್ಕು ವಿಕೆಟ್‌ಗಳು ಉರುಳಿದವು. ಆಗ ಎಚ್ಚೆತ್ತ ಮಂಡಳಿ ಕ್ಲಬ್ಬಿನೊಡನೆ ಮಾತಾಡಿ ಮಂಕಡರನ್ನು ಕರೆಸಿಕೊಂಡಿತು. ಲಾರ್ಡ್ಸ್‌ನಲ್ಲಿ ಅವರು 72 ಮತ್ತು 184 ರನ್ ಹೊಡೆದರು, ಎರಡೂ ಸರದಿ ಸೇರಿ 97 ಓವರ್ ಬೌಲ್ ಮಾಡಿದರು. ಪಂದ್ಯವನ್ನು ಇಂಗ್ಲೆಂಡ್ 8 ವಿಕೆಟ್‌ಗಳಿಂದ ಗೆದ್ದರೂ ಅದು ಮಂಕಡರ ಟೆಸ್ಟ್ ಎಂದೇ ಹೆಸರಾಯಿತು. ಬೇಡವೆಂದಾಗ ಬಿಟ್ಟುಬಿಡುವುದು, ಬೇಕೆಂದಾಗ ಹೆಗಲ ಮೇಲೆ ಇಡೀ ಭಾರ ಹೊರಿಸುವುದು: ದೇಶದ ತಂಡಗಳ ಈ ನಡವಳಿಕೆ ಹಳೆಯದು.

ಇನ್ನು ಶ್ರೀನಾಥರ ವಿಷಯ. 1969ರ ಆಗಸ್ಟ್ 31ರಂದು ಮೈಸೂರಿನಲ್ಲಿ ಜನನ. ಹೆಸರಿನ ಮುಂದಿರುವ ಜಾವಗಲ್ ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಊರು. ಎಂಜಿನಿಯರಿಂಗ್ ಓದಿದ ಈ ಎತ್ತರದ ಯುವಕ ಕರ್ನಾಟಕದ ಪರ ಆಡಿದ ಮೊದಲ ರಣಜಿ ಪಂದ್ಯದಲ್ಲೇ ಹೈದರಾಬಾದ್ ವಿರುದ್ಧ ಹ್ಯಾಟ್ರಿಕ್ ಪಡೆದರು. 1991ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಟೆಸ್ಟ್ ಪ್ರವೇಶ. ಆದರೆ ತವರಿನ ನೆಲದಲ್ಲಿ ಅವರಿಗೆ ಟೆಸ್ಟ್ ಆಡುವ ಅವಕಾಶ ಸಿಕ್ಕಿದ್ದು 1994ರ ಕೊನೆಯಲ್ಲಿ, ಕಪಿಲ್ ದೇವ್ ನಿವೃತ್ತರಾದ ಮೇಲೆ. ಸ್ಪಿನ್ನರುಗಳದೇ ದರ್ಬಾರಾಗಿದ್ದ ನಮ್ಮ ಪಿಚ್ಚುಗಳಲ್ಲಿ ಇನ್ನೊಬ್ಬ ವೇಗಿಗೆ ಜಾಗವಿರಲಿಲ್ಲ. ಹುರುಪಿನ ಪ್ರಾಯದ ಮೂರು ವರ್ಷಗಳಲ್ಲಿ ಬಹುಪಾಲು ಅವರು ಬೆಂಚಿನ ಮೇಲೆ ಕಳೆದರು.

ಆ ಬಳಿಕ ಬಂದದ್ದು 1995ರ ಇಂಗ್ಲೆಂಡಿನ ಬೇಸಿಗೆ. ವಿದೇಶಿ ಆಟಗಾರರನ್ನು ನೇರವಾಗಿ ಸೇರಿಸಿಕೊಳ್ಳಲು ಕೌಂಟಿಗಳಿಗೆ 1968ರಿಂದ ಅನುಮತಿ ದೊರೆತಿತ್ತು. ಆ ವರ್ಷ ನಮ್ಮ ಇಬ್ಬರು ಕನ್ನಡಿಗರು ಅಲ್ಲಿ ಆಡಿದರು. ನಾರ್ಥಾಂಪ್ಟನ್‌ಷೈರ್ ಪರ ಅನಿಲ್ ಕುಂಬ್ಳೆ 105 ವಿಕೆಟ್ ಪಡೆದರೆ, ಗ್ಲೌಸ್ಟರ್‌ಷೈರ್ ಪರ ಶ್ರೀನಾಥ್ 87 ವಿಕೆಟ್ ಪಡೆದರು. ಕೌಂಟಿಯಲ್ಲಿ ಹಣವೂ ಇತ್ತು, ಕಲಿಕೆಯೂ ಇತ್ತು. ಆದರೆ ವಾರವಾರವೂ ಬಿಡುವಿಲ್ಲದೆ ಬೌಲ್ ಮಾಡಿಸುವ ಗಾಣವೂ ಅದೇ ಆಗಿತ್ತು.

ಭುಜದ ರಚನೆಯನ್ನು ಬಲ್ಲವರಿಗೆ ಮುಂದಿನದು ಆಶ್ಚರ್ಯವೆನಿಸದು. ನಮ್ಮ ಸೊಂಟದ ಕೀಲಿನಲ್ಲಿ ಮೂಳೆಯ ಗುಂಡು ಆಳವಾದ ಬಟ್ಟಲಿನಲ್ಲಿ ಭದ್ರವಾಗಿ ಕೂತಿರುತ್ತದೆ. ಭುಜದಲ್ಲಿ ಬಟ್ಟಲು ಆಳವಿಲ್ಲ, ತಟ್ಟೆಯಂತೆ ಚಪ್ಪಟೆ. ಅದಕ್ಕೇ ತೋಳು ಎಲ್ಲ ದಿಕ್ಕಿಗೂ ತಿರುಗಬಲ್ಲುದು. ಗುಂಡು ಜಾರದಂತೆ ಹಿಡಿದಿಡುವುದು ಸುತ್ತಲಿನ ನಾಲ್ಕು ಸ್ನಾಯುಗಳ ಕಟ್ಟು. ಅದನ್ನೇ ರೊಟೇಟರ್ ಕಫ್ ಎನ್ನುತ್ತಾರೆ. ವೇಗದ ಬೌಲರ್ ತೋಳನ್ನು ಬೀಸುವ ಪ್ರತಿ ಸಲವೂ ಆ ಸ್ನಾಯುಗಳು ತೋಳು ಹಾರಿಹೋಗದಂತೆ ಜಗ್ಗಿ ನಿಲ್ಲಿಸಬೇಕು. ದಿನಕ್ಕೆ ಇಪ್ಪತ್ತು ಓವರ್ ಎಂದರೆ ನೂರಿಪ್ಪತ್ತು ಸಲ. 1997ರಲ್ಲಿ ಶ್ರೀನಾಥರ ಆ ಕಟ್ಟು ಕೈಕೊಟ್ಟಿತು. ಶಸ್ತ್ರಚಿಕಿತ್ಸೆಯಾಯಿತು, ವೆಸ್ಟ್ ಇಂಡೀಸ್ ಸರಣಿಯ ಒಂದು ಟೆಸ್ಟನ್ನೂ ಅವರು ಆಡಲಾಗಲಿಲ್ಲ. ಕೌಂಟಿಯ ದುಡಿಮೆಯೋ ದೇಶದ ದುಡಿಮೆಯೋ, ಯಾವುದು ಭುಜವನ್ನು ಸವೆಸಿತೆಂದು ಬೆರಳಿಟ್ಟು ತೋರಿಸಲು ಬಾರದು. ಭುಜಕ್ಕೆ ಬಾವುಟದ ಗುರುತು ತಿಳಿಯದು, ಎಸೆತಗಳ ಲೆಕ್ಕ ಮಾತ್ರ ತಿಳಿಯುತ್ತದೆ.

ಅವರು ಮರಳಿ ಬಂದರು. 1999ರ ಫೆಬ್ರವರಿಯಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟಿನಲ್ಲಿ 132 ರನ್ನಿಗೆ 13 ವಿಕೆಟ್ ಕಿತ್ತರು. ಆದರೂ ಭಾರತ ಆ ಪಂದ್ಯವನ್ನು ಸೋತಿತು. ಶ್ರೀನಾಥರ ವೃತ್ತಿಜೀವನದ ಬಹುಭಾಗವನ್ನು ಈ ಒಂದು ಪಂದ್ಯದಲ್ಲೇ ಕಾಣಬಹುದು.

2002ರ ಬೇಸಿಗೆಯಲ್ಲಿ ವೆಸ್ಟ್ ಇಂಡೀಸ್ ಪ್ರವಾಸ. ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಕುಂಬ್ಳೆ 14 ಓವರ್ ಬೌಲ್ ಮಾಡಿ ಲಾರಾ ಅವರನ್ನು ಔಟ್ ಮಾಡಿದ ಚಿತ್ರ ನಿಮ್ಮೆಲ್ಲರ ನೆನಪಿನಲ್ಲಿ ಇದ್ದೇ ಇರುತ್ತದೆ. ಅದೇ ಪ್ರವಾಸದ ಬಳಿಕ ಶ್ರೀನಾಥ್ ಟೆಸ್ಟ್ ಕ್ರಿಕೆಟ್ಟಿಗೆ ವಿದಾಯ ಘೋಷಿಸಿದರು. ಅವರಿಗೆ ಆಗ ಮೂವತ್ತೆರಡು ವರ್ಷ. ಆ ಬೇಸಿಗೆಯಲ್ಲಿ ಭಾರತ ತಂಡ ಇಂಗ್ಲೆಂಡಿನಲ್ಲೇ ಪ್ರವಾಸದಲ್ಲಿತ್ತು, ಶ್ರೀನಾಥರೂ ಇಂಗ್ಲೆಂಡಿನಲ್ಲೇ ಇದ್ದರು, ಆದರೆ ಲೀಸ್ಟರ್‌ಷೈರ್ ಕೌಂಟಿಯ ಆಟಗಾರರಾಗಿ! ಒಬ್ಬ ಕನ್ನಡಿಗ ನೋವು ನುಂಗಿ ದೇಶಕ್ಕಾಗಿ ಆಡಿದ, ಇನ್ನೊಬ್ಬ ದೇಶ ಬಿಟ್ಟು ಕೌಂಟಿಗೆ ಹೋದ ಎಂದು ಹೋಲಿಸಿ ಮಾತನಾಡಿದವರನ್ನು ನಾನೇ ಕೇಳಿದ್ದೇನೆ.

ಈ ಹೋಲಿಕೆ ನ್ಯಾಯವಲ್ಲವೆಂದು ನನಗೆ ಅಂದೂ ಅನಿಸಿತ್ತು, ಇಂದೂ ಅನಿಸುತ್ತದೆ. ಕುಂಬ್ಳೆಯವರ ಧೈರ್ಯ ಒಂದು ಮಧ್ಯಾಹ್ನದ್ದು; ಮರುದಿನವೇ ಅವರು ಚಿಕಿತ್ಸೆಗಾಗಿ ಊರಿಗೆ ಹೊರಟರು, ದವಡೆ ಕೂಡಿಕೊಂಡ ಮೇಲೆ ಇನ್ನೂ ಆರು ವರ್ಷ ಆಡಿದರು. ಶ್ರೀನಾಥರ ನೋವು ಹನ್ನೊಂದು ವರ್ಷಗಳಲ್ಲಿ ತೊಟ್ಟುತೊಟ್ಟಾಗಿ ಕೂಡಿಬಂದದ್ದು. ಅದಕ್ಕೆ ಪಟ್ಟಿ ಕಟ್ಟಲು ಬರುವುದಿಲ್ಲ, ಅದು ಚಿತ್ರದಲ್ಲಿ ಕಾಣುವುದೂ ಇಲ್ಲ. ಮೇಲಾಗಿ ಆ ಕಾಲಕ್ಕೆ ನಮ್ಮ ಮಂಡಳಿಯಲ್ಲಿ ಆಟಗಾರರಿಗೆ ವಾರ್ಷಿಕ ಒಪ್ಪಂದದ ಪದ್ಧತಿ ಇನ್ನೂ ಬಂದಿರಲಿಲ್ಲ. ಗಾಯಗೊಂಡು ಮನೆಯಲ್ಲಿ ಕೂತರೆ ಪಂದ್ಯದ ಸಂಭಾವನೆಯಿಲ್ಲ. ಅಂಥ ಸ್ಥಿತಿಯಲ್ಲಿ ಕೊನೆಯ ಒಂದೆರಡು ಬೇಸಿಗೆಗಳ ದುಡಿಮೆಯನ್ನು ಹುಡುಕಿಕೊಂಡ ವೇಗಿಯನ್ನು ದೂರುವುದು ಸಂಬಳದ ನೌಕರಿ ಮಾಡಿ ಪಿಂಚಣಿ ಪಡೆಯುವ ನನ್ನಂಥವರಿಗೆ ಶೋಭಿಸುವುದಿಲ್ಲ.

ಮುಂದೆ ನಡೆದದ್ದು ಇನ್ನೂ ಸ್ವಾರಸ್ಯಕರ. ನಾಯಕ ಸೌರವ್ ಗಂಗೂಲಿ ಬೆನ್ನುಹತ್ತಿ ಒತ್ತಾಯಿಸಿದರು. ಜಹೀರ್ ಖಾನ್, ಆಶಿಶ್ ನೆಹ್ರಾ ಇಬ್ಬರೂ ಎಳೆಯರು. ವಿಶ್ವಕಪ್ಪಿಗೆ ಅವರ ಜೊತೆ ಒಬ್ಬ ಹಿರಿಯ ಬೇಕಿತ್ತು. ಶ್ರೀನಾಥ್ ಮನಸ್ಸು ಬದಲಿಸಿ ಮರಳಿದರು. 2003ರ ವಿಶ್ವಕಪ್ಪಿನಲ್ಲಿ 11 ಪಂದ್ಯಗಳಿಂದ 16 ವಿಕೆಟ್ ಪಡೆದರು. ಮಾರ್ಚ್ 10ರಂದು ಜೊಹಾನ್ಸ್‌ಬರ್ಗಿನಲ್ಲಿ ಶ್ರೀಲಂಕಾ ತಂಡ 109 ರನ್ನಿಗೆ ಕುಸಿದಾಗ 35 ರನ್ನಿಗೆ 4 ವಿಕೆಟ್ ಅವರವು. ಎಳೆಯರಿಬ್ಬರಲ್ಲಿ ಜಹೀರ್ 18, ನೆಹ್ರಾ 15 ವಿಕೆಟ್ ಪಡೆದರು. ಮೂವರೂ ಒಬ್ಬರಿಗೊಬ್ಬರು ಸರಿಸಮವಾಗಿ ದುಡಿದರೆಂದೇ ಹೇಳಬೇಕು.

ಆದರೆ ಜನರ ನೆನಪಿನಲ್ಲಿ ಉಳಿದದ್ದು ಮಾರ್ಚ್ 23ರ ಅಂತಿಮ ಪಂದ್ಯ. ಆಸ್ಟ್ರೇಲಿಯ 2 ವಿಕೆಟ್ಟಿಗೆ 359. ಶ್ರೀನಾಥ್ 10 ಓವರುಗಳಲ್ಲಿ 87 ರನ್ ಕೊಟ್ಟರು, ವಿಕೆಟ್ ಸಿಗಲಿಲ್ಲ. ಭಾರತ 125 ರನ್ನುಗಳಿಂದ ಸೋತಿತು. ಮಂಡಗದ್ದೆಯಲ್ಲಿ ಆ ಭಾನುವಾರ ಸಂಜೆ ರಸ್ತೆಯಲ್ಲಿ ಜನಸಂಚಾರವೇ ಇರಲಿಲ್ಲ. ಮರುದಿನ ತರಗತಿಯಲ್ಲಿ ಹುಡುಗನೊಬ್ಬ, ಸಾರ್, ಮುದುಕನನ್ನು ಯಾಕೆ ಕರೆದುಕೊಂಡು ಹೋದರು ಎಂದು ಕೇಳಿದ. ನಾನು ಆ ಹದಿನಾರು ವಿಕೆಟ್‌ಗಳನ್ನು ಎದುರಾಳಿ ತಂಡಗಳ ಹೆಸರಿನೊಡನೆ ಕಪ್ಪುಹಲಗೆಯ ಮೇಲೆ ಬರೆಯಲು ಹೇಳಿದೆ. ತರಗತಿಯವರೆಲ್ಲ ಸೇರಿ ನೆನಪಿಸಿಕೊಂಡು ಬರೆದು ಮುಗಿಸುವಷ್ಟರಲ್ಲಿ ಪಾಠದ ಅವಧಿಯೇ ಮುಗಿದಿತ್ತು. ನಿಮ್ಮಲ್ಲಿ ಕೆಲವರಿಗೆ ಅದು ನೆನಪಿರಬಹುದು.

ಆ ಅಂತಿಮ ಪಂದ್ಯವೇ ಅವರ ಕೊನೆಯ ಅಂತಾರಾಷ್ಟ್ರೀಯ ಪಂದ್ಯವೂ ಆಯಿತು. ಆ ವರ್ಷ ಡರ್‌ಹ್ಯಾಮ್ ಕೌಂಟಿಗೆ ಕೆಲವು ಪಂದ್ಯ ಆಡಿ, ನವೆಂಬರಿನಲ್ಲಿ ನಿವೃತ್ತರಾದರು. 67 ಟೆಸ್ಟುಗಳಲ್ಲಿ 236 ವಿಕೆಟ್, 229 ಏಕದಿನ ಪಂದ್ಯಗಳಲ್ಲಿ 315. ಏಕದಿನ ಪಂದ್ಯಗಳಲ್ಲಿ ಭಾರತದ ವೇಗಿಗಳ ಪೈಕಿ ಇಂದಿಗೂ ಅವರದೇ ಹೆಚ್ಚಿನ ಸಂಖ್ಯೆ.

ಇಂಥ ಇಕ್ಕಟ್ಟು ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ಚೀನದ ಬ್ಯಾಸ್ಕೆಟ್‌ಬಾಲ್ ಆಟಗಾರ ಯಾವ್ ಮಿಂಗ್ ಅಮೆರಿಕದ ಹ್ಯೂಸ್ಟನ್ ರಾಕೆಟ್ಸ್ ಕ್ಲಬ್ಬಿನವರು. 2008ರ ಫೆಬ್ರವರಿಯಲ್ಲಿ ಅವರ ಎಡಪಾದದ ಮೂಳೆ ಬಿರುಕುಬಿಟ್ಟಿತು. ಆಗಸ್ಟಿನಲ್ಲಿ ಬೀಜಿಂಗ್ ಒಲಿಂಪಿಕ್ಸ್, ತವರಿನ ಜನ ಕಾದಿದ್ದರು. ಅವರು ಚೇತರಿಸಿಕೊಂಡು ಧ್ವಜ ಹಿಡಿದು ನಡೆದರು, ಆಡಿದರು. ಮರುವರ್ಷ ಪಾದ ಮತ್ತೆ ಮುರಿಯಿತು. 2009-10ರ ಋತುವಿನಲ್ಲಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ, 2011ರ ಜುಲೈನಲ್ಲಿ ನಿವೃತ್ತರಾದಾಗ ವಯಸ್ಸು ಇನ್ನೂ ಮೂವತ್ತು. ಕ್ಲಬ್ಬಿಗೆ ನಷ್ಟ, ದೇಶಕ್ಕೆ ಹೆಮ್ಮೆ. ಪಾದ ಮಾತ್ರ ಅವರೊಬ್ಬರದು.

ಇತಿಹಾಸದಿಂದ ನೇರವಾದ ಉಪದೇಶ ಹಿಂಡಲು ನಾನು ಎಂದೂ ಒಪ್ಪಿದವನಲ್ಲ. ಆದರೂ ಈ ಮೂರು ಕಥೆಗಳನ್ನು ಅಕ್ಕಪಕ್ಕ ಇಟ್ಟಾಗ ಒಂದು ಮಾತು ಸ್ಪಷ್ಟವಾಗುತ್ತದೆ. ದೇಶಕ್ಕಾಗಿ ಆಡುವುದು ದೊಡ್ಡದು, ಸಂದೇಹವಿಲ್ಲ. ಆದರೆ ಅದು ದೊಡ್ಡದಾಗುವುದು ಆಟಗಾರ ತಾನೇ ಒಪ್ಪಿ ಕೊಟ್ಟಾಗ. ಗದರಿಸಿ ವಸೂಲು ಮಾಡಿದಾಗ ಅದು ಬಿಟ್ಟಿ ಚಾಕರಿಯಾಗುತ್ತದೆ. ಶ್ರೀನಾಥರು ಒಮ್ಮೆ ಇಲ್ಲವೆಂದರು, ಆಮೇಲೆ ಹೌದೆಂದರು. ಇಲ್ಲವೆನ್ನುವ ಸ್ವಾತಂತ್ರ್ಯ ಇದ್ದುದರಿಂದಲೇ ಆ ಹೌದಿಗೆ ಬೆಲೆ ಬಂತು.

ನಿಮ್ಮ ಮಕ್ಕಳಲ್ಲಿ ಕೆಲವರು ಈಗ ಜಿಲ್ಲೆಗೆ, ವಿಶ್ವವಿದ್ಯಾಲಯಕ್ಕೆ ಆಡುತ್ತಿದ್ದಾರೆಂದು ಕೇಳಿ ಸಂತೋಷವಾಗುತ್ತದೆ. ಮೊಣಕಾಲಿಗೋ ಭುಜಕ್ಕೋ ಪೆಟ್ಟು ಮಾಡಿಕೊಂಡು ಅವರು ಮನೆಗೆ ಬಂದಾಗ ಮುಂದಿನ ಪಂದ್ಯ ಯಾವಾಗ ಎಂದು ಕೇಳುವ ಮೊದಲು ನೋವು ಎಲ್ಲಿದೆ ಎಂದು ಕೇಳಿ.